ಬೆಳ್ಳಿಯ ಮೇಲೇರಿದ ಬಣ್ಣ

ಯೆರವಡಾದಲ್ಲಿರುವ ನಮ್ಮ ಸೋದರಮಾವನವರ ನಾಣ್ಯಸಂಗ್ರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 1912ರ ಐದನೇ ಜಾರ್ಜ್ ರೂಪಾಯಿ. 11.66 ಗ್ರಾಂ ತೂಕ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಗಾಳಿಯಲ್ಲಿನ ಗಂಧಕ ತಾಗಿ ತಾಗಿ ಅಂಚಿಗೆ ನೀಲಿ, ಒಳಗೆ ನೇರಳೆ, ನಡುವೆ ಹೊಂಬಣ್ಣ. ಹೀಗೆ ಕೂಡುವ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ; ತೀರಾ ದಪ್ಪವಾದರೆ ಬರೀ ಕಪ್ಪು. ಹುಣಸೆಹಣ್ಣು ಹಾಕಿ ಉಜ್ಜಿದರಂತೂ ಎಲ್ಲ ಹೋಯಿತು!

ಈ ಬಣ್ಣವನ್ನು ಫೋಟೋದಲ್ಲಿ ಹಿಡಿಯುವ ಮಾವನ ಕೈಚಳಕ ಇನ್ನೂ ದೊಡ್ಡದು. ಕ್ಯಾಮೆರಾ ನೆಟ್ಟಗೆ ಮೇಲೆ. ನಡುವೆ 45 ಡಿಗ್ರಿ ಓರೆಯಾಗಿ ತೆಳುಗಾಜು. ಪಕ್ಕದ ದೀಪದ ಬೆಳಕು ಗಾಜಿಗೆ ಬಡಿದು ನಾಣ್ಯಕ್ಕಿಳಿದು, ಗಾಜಿನ ಮೂಲಕವೇ ಮೇಲೇರಿ ಲೆನ್ಸಿಗೆ ಬರುತ್ತದೆ. ಆಗ ಬೂದುಮೈಯಿಂದ ನವಿಲುಬಣ್ಣ ಏಳುತ್ತದೆ. ರಾಜನ ನಿಲುವಂಗಿಯ ಪುಟ್ಟ ಆನೆಯ ಸೊಂಡಿಲೂ ಸ್ಪಷ್ಟ. 1911ರ ರೂಪಾಯಿಯಲ್ಲಿ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, ಮರುವರ್ಷ ತಿದ್ದಿ ಕೊರೆದದ್ದು ಇದೇ ಸೊಂಡಿಲನ್ನು.