ಎರಡು ಸಾವಿರ ವರ್ಷಗಳ ಹಂಬಲ

ರೈಡರ್ ಹ್ಯಾಗರ್ಡನ ‘ಶೀ’ ಎಂಬ ಇಂಗ್ಲಿಷ್ ಅದ್ಭುತರಮ್ಯ ಕಾದಂಬರಿ 1887ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಅದರ ನಾಯಕಿ ಆಯೇಶಾ ಆಫ್ರಿಕದ ಗುಹೆಯೊಂದರ ಜೀವಾಗ್ನಿಯಲ್ಲಿ ಮಿಂದು, ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಯೌವನದಲ್ಲಿಯೇ ಉಳಿದವಳು. ಅಸೂಯೆಯಿಂದ ತಾನೇ ಕೊಂದ ಪ್ರಿಯಕರನು ಮರಳಿ ಹುಟ್ಟಿಬರುವನೆಂದು ಅವನ ಶವವನ್ನು ಕೆಡದಂತೆ ಇರಿಸಿಕೊಂಡು ಕಾಯುತ್ತಾಳೆ.

ಓದುತ್ತಿದ್ದಂತೆ ಪಂಪನ ‘ಆದಿಪುರಾಣ’ದ (ಕ್ರಿ.ಶ. 941) ಲಲಿತಾಂಗದೇವನು ನೆನಪಾದನು. ಸ್ವರ್ಗದ ಆಯುಷ್ಯವನ್ನು ಪಲ್ಯ, ಸಾಗರಗಳಲ್ಲಿ ಎಣಿಸಿದರೂ ಅದು ಮುಗಿಯುವಂಥದೇ. ಆರು ತಿಂಗಳು ಉಳಿದಿರುವಾಗ ಅವನ ಕೊರಳ ಮಾಲೆ ಬಾಡುತ್ತದೆ. ವಿರಹಿಣಿ ಸ್ವಯಂಪ್ರಭೆಯು ಜಿನಪೂಜೆಯಲ್ಲಿ ದಿನ ಕಳೆದು, ತಾನೂ ಸ್ವರ್ಗದಿಂದ ಚ್ಯುತಳಾಗಿ, ಶ್ರೀಮತಿಯಾಗಿ ಜನಿಸಿ, ವಜ್ರಜಂಘನಾಗಿ ಹುಟ್ಟಿದ್ದ ಅವನನ್ನು ಸೇರುತ್ತಾಳೆ. ಆ ದಂಪತಿಗಳೂ ಶಯ್ಯಾಗೃಹದ ಧೂಪದ ಹೊಗೆಗೆ ಉಸಿರುಗಟ್ಟಿ ಮಡಿಯುತ್ತಾರೆ. ಮುಂದೆ ಅವನ ಜೀವವೇ ವೃಷಭನಾಥ. ಆ ಸ್ವಾಮಿಗೆ ಕಬ್ಬಿನ ರಸದ ಪ್ರಥಮ ಆಹಾರದಾನವಿತ್ತ ಶ್ರೇಯಾಂಸನೇ ಹಿಂದಿನ ಶ್ರೀಮತಿ. ಅಂದಿನ ಮೋಹವು ದಾನವಾಗಿ ಪರಿಣಮಿಸಲು ಅಷ್ಟು ಜನ್ಮಗಳು ಹಿಡಿದವು.

ಆಯೇಶಾಳಿಗೆ ಆ ಅವಕಾಶವೇ ಇಲ್ಲ. ನಮ್ಮ ಗಾಂಧಿ ಗಂಜಿನಲ್ಲಿ ದೀಪಾವಳಿಗೆ ಹಳೆಯ ಖಾತೆಪುಸ್ತಕ ಮುಚ್ಚಿ ಹೊಸದನ್ನು ತೆರೆಯುತ್ತೇವೆ. ಬಾಕಿಯೇನೋ ಹೊಸದಕ್ಕೂ ಬರುತ್ತದೆ, ತೀರಿಸಲು ಕಾಲವೂ ದೊರೆಯುತ್ತದೆ. ಇವಳು ಹಳೆಯ ಪುಸ್ತಕವನ್ನೇ ಮುಚ್ಚಲೊಲ್ಲಳು. ಪ್ರಿಯಕರನು ಲಿಯೋ ಎಂಬ ಹೆಸರಿನಿಂದ ಬಂದಾಗಲೂ ಅದೇ ಅಸೂಯೆಯಿಂದ ಉಸ್ಟೇನ್ ಎಂಬ ಹೆಣ್ಣನ್ನು ಕೊಲ್ಲುತ್ತಾಳೆ. ಕಾದಂಬರಿಯಲ್ಲಿ ನನಗೆ ಅತ್ಯಂತ ಸತ್ಯವೆನಿಸಿದ ಪ್ರಸಂಗವಿದು. ಆದರೆ ಲೇಖಕನು ಇದನ್ನು ಚಿಂತಿಸದೆ, ಎರಡನೆಯ ಬಾರಿ ಬೆಂಕಿಗಿಳಿದ ಅವಳು ಮುದುಡಿ ಸಾಯುವ ಭಯಾನಕ ದೃಶ್ಯಕ್ಕೆ ಧಾವಿಸುತ್ತಾನೆ. 1905ರ ಉತ್ತರಭಾಗದಲ್ಲಿ ಆ ಸಾವನ್ನೂ ಹಿಂತೆಗೆದುಕೊಂಡು, ಅವಳನ್ನು ಮರಳಿ ಕರೆತರುತ್ತಾನೆ.