ಮದುವೆ ಕಾಗದ ಇನ್‌ಸ್ಟಾಲ್ ಆಗುವುದಿಲ್ಲ

ಕುಂದಾಪುರದ ಕಡೆ ಮದುವೆ ಕಾಗದ ಕೊಡುವುದಕ್ಕೆ ಒಂದು ಕ್ರಮವಿತ್ತು. ಮನೆಗೆ ಬಂದು, ಚಾವಡಿಯಲ್ಲಿ ಕೂತು, ಕಾಗದ ಕೈಗೆ ಕೊಟ್ಟು, "ಎಲ್ಲರೂ ಬರ್ಕ್" ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಕರೆದ ಹಾಗೆ. 2020ರಲ್ಲಿ ಕೊರೋನಾ ಬಂದ ಮೇಲೆ ಕ್ರಮ ಸಡಿಲವಾಯಿತು. ವಾಟ್ಸಾಪಿನಲ್ಲಿ ಬಂದ ಕಾಗದಕ್ಕೂ ಮರ್ಯಾದೆ ಸಿಕ್ಕಿತು. ಆ ಮರ್ಯಾದೆಯ ಬೆನ್ನು ಹಿಡಿದು ಈಗ ಇನ್ನೊಂದು ಬರುತ್ತಿದೆ. ಗುರುತಿನವರ ನಂಬರಿನಿಂದಲೇ ಬರುತ್ತದೆ, ಹೆಸರು ಮದುವೆ ಆಮಂತ್ರಣ, ಹೆಸರಿನ ಕೊನೆಗೆ 'ಎಪಿಕೆ' ಎಂಬ ಮೂರಕ್ಷರದ ಬಾಲ, ಇದು ಆ್ಯಪಿನ ಕಡತ ಎಂಬುದರ ಗುರುತು. ಕಾಗದವಾದರೆ ಒತ್ತಿದ ಕೂಡಲೇ ತೆರೆದುಕೊಳ್ಳಬೇಕು. ಇದು ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ.

ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಏನನ್ನೂ ಹಾಕಿಕೊಳ್ಳಬೇಡಿ ಎಂಬುದು ಇದಕ್ಕೆ ಪೊಲೀಸರೂ ಬ್ಯಾಂಕಿನವರೂ ಹೇಳುವ ಒಂದು ಸಾಲಿನ ಬುದ್ಧಿ. ಅವಸರದಲ್ಲಿ ಹೇಳಬೇಕಾದಾಗ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳ ಫೋನುಗಳ ಚರಿತ್ರೆ ನೋಡಿದವರಿಗೆ ಅದು ಅರ್ಧ ಮಾತು ಎನಿಸದೆ ಇರದು. ಹೊರಗಿನಿಂದ ಆ್ಯಪ್ ತಂದು ಹಾಕಿಕೊಳ್ಳುವ ವಿದ್ಯೆಯನ್ನು ನಮಗೆ ಕಲಿಸಿದವರು ಕಳ್ಳರಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬರುವ ಮೊದಲು ಡೇಟಾ ಎಂದರೆ ಅಳೆದು ಖರ್ಚು ಮಾಡುವ ವಸ್ತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಆಸುಪಾಸು, ಬೈಂದೂರು ಪೇಟೆ, ಬ್ರಹ್ಮಾವರ ಎಲ್ಲ ಕಡೆ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು, ಯಕ್ಷಗಾನ ತುಂಬಿಸಿ ಕೊಡುತ್ತಿದ್ದರು. ಜೊತೆಗೆ ನಾಲ್ಕು ಆ್ಯಪನ್ನೂ. ಆಮೇಲೆ ಶೇರ್‌ಇಟ್ ಬಂತು. ಫೋನಿಂದ ಫೋನಿಗೆ, ನಯಾಪೈಸೆ ಖರ್ಚಿಲ್ಲದೆ, ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೂ ಆ್ಯಪ್ ದಾಟಿಸಬಹುದಾಗಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಶೇರ್‌ಇಟ್ ಇತ್ತು, ಟಿಕ್‌ಟಾಕ್ ಇತ್ತು. ಸೆಪ್ಟೆಂಬರ್ 2ರಂದು ಪಬ್‌ಜಿಯೂ ಹೋಯಿತು. ಹೋಯಿತು ಎಂದರೆ ಸ್ಟೋರಿನಿಂದ ಹೋಯಿತು. ಹುಡುಗರು ಎಪಿಕೆ ಎಂಬ ಶಬ್ದವನ್ನು ಸರಿಯಾಗಿ ಬಾಯಿಪಾಠ ಮಾಡಿದ್ದು ಆಗಲೇ.

ಅದಕ್ಕಿಂತ ದೊಡ್ಡ ಪಾಠಶಾಲೆ ಕ್ರಿಕೆಟ್. ಹಣ ಕಟ್ಟಿ ಆಡುವ ಫ್ಯಾಂಟಸಿ ಆಟಗಳಿಗೆ ಗೂಗಲ್ ತನ್ನ ಭಾರತದ ಅಂಗಡಿಯಲ್ಲಿ 2022ರ ಸೆಪ್ಟೆಂಬರಿನವರೆಗೂ ಜಾಗ ಕೊಟ್ಟಿರಲಿಲ್ಲ. ಆಗ ಕೊಟ್ಟದ್ದೂ ಪ್ರಯೋಗದ ಲೆಕ್ಕದಲ್ಲಿ. ಆದರೆ 2020ರ ಐಪಿಎಲ್‌ಗೆ ಹೆಸರು ಕೊಟ್ಟ ಪ್ರಾಯೋಜಕರೇ ಡ್ರೀಮ್11. ಟಿವಿಯಲ್ಲಿ ದಿನಾ ಜಾಹೀರಾತು, ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಇಲ್ಲ. ಕಂಪನಿಯ ಜಾಲತಾಣಕ್ಕೆ ಹೋಗಿ ಫೈಲ್ ಇಳಿಸಿಕೊಳ್ಳಬೇಕು. ಫೋನ್ ಇದು ಅಪಾಯ ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಒತ್ತಿ ದಾಟಬೇಕು. ದಾಟಿದರೆ ಏನೂ ಆಗುವುದಿಲ್ಲ, ಟೀಮ್ ಕಟ್ಟಬಹುದು! ಒಂದು ತಲೆಮಾರು ಹೀಗೆ, ಪೂರಾ ಅಧಿಕೃತವಾದ ಕಂಪನಿಯ ಕೈಹಿಡಿದು, ಫೋನಿನ ಎಚ್ಚರಿಕೆ ಸುಳ್ಳು ಎಂದು ಕಲಿಯಿತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಹಣದ ಆಟದ ಮೇಲೆ ತಂದ ಕಾನೂನನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯಿದೆ ಬಂದು ಆ ಅಧ್ಯಾಯ ಮುಗಿಯಿತು. ಆಟ ಹೋಯಿತು, ಬೆರಳಿನ ಅಭ್ಯಾಸ ಉಳಿಯಿತು.

ಇನ್ನು ಆ ಎಚ್ಚರಿಕೆಯ ಪರದೆಯನ್ನೇ ನೋಡೋಣ. ನನ್ನ ತಕರಾರು ಇರುವುದು ಅಲ್ಲಿ.

ಹಳೆಯ ಆಂಡ್ರಾಯ್ಡ್‌ಗಳಲ್ಲಿ ಅಪರಿಚಿತ ಮೂಲಗಳಿಗೆಲ್ಲ ಸೇರಿ ಒಂದೇ ಸ್ವಿಚ್ ಇತ್ತು. ಹಾಕಿದರೆ ಇಡೀ ಮನೆಯ ಬಾಗಿಲು ತೆರೆದ ಹಾಗೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಲ್ಲಿ ಅದನ್ನು ಒಡೆದು, ಒಂದೊಂದು ಆ್ಯಪಿಗೆ ಒಂದೊಂದು ಅನುಮತಿ ಮಾಡಿದರು. ಕ್ರೋಮಿಗೆ ಬೇರೆ, ವಾಟ್ಸಾಪಿಗೆ ಬೇರೆ, ಫೈಲ್ ಮ್ಯಾನೇಜರಿಗೆ ಬೇರೆ. ಎಂಜಿನಿಯರಿನ ಕಣ್ಣಿಗೆ ಇದು ಒಳ್ಳೆಯ ಕೆಲಸ. ಆದರೆ ಬಳಸುವವರಿಗೆ ಎದುರಾಗುವ ಪ್ರಶ್ನೆ ಏನು? ಈ ಮೂಲವನ್ನು ನಂಬುತ್ತೀರಾ ಎಂದು. ಫೋನಿನ ಪ್ರಕಾರ ಮೂಲ ಎಂದರೆ ವಾಟ್ಸಾಪ್. ಫೋನ್ ಹಿಡಿದವರ ಪ್ರಕಾರ ಮೂಲ ಎಂದರೆ ಕಳುಹಿಸಿದ ಸೋದರತ್ತೆ. ಅವರಿಬ್ಬರನ್ನೂ ನಂಬದೆ ಇರುವುದು ಹೇಗೆ? ಕಡತವನ್ನು ಬರೆದವರು ಯಾರು ಎಂಬ ನಿಜವಾದ ಪ್ರಶ್ನೆಯನ್ನು ಪರದೆ ಕೇಳುವುದೇ ಇಲ್ಲ. ಒಮ್ಮೆ ಕೊಟ್ಟ ಅನುಮತಿಯಂತೂ ನಾವಾಗಿ ತೆಗೆಯುವವರೆಗೆ ಹಾಗೇ ಇರುತ್ತದೆ. ಹೊಳೆ ದಾಟಿದ ಮೇಲೂ ಅಂಬಿಗನಿಗೆ ಮನೆಯ ಕೀಲಿಕೈ ಬಿಟ್ಟು ಬಂದ ಹಾಗೆ.

ಸೋದರತ್ತೆ ಆ ಕಡತವನ್ನು ಕಳುಹಿಸಿರುವುದೇ ಇಲ್ಲ ಎಂಬುದು ಈ ಕಥೆಯ ತಿರುಳು. ಅವರ ಫೋನಿಗೆ ಮೊದಲೇ ಹೊಕ್ಕ ಆ್ಯಪ್, ಅಲ್ಲಿನ ನಂಬರುಗಳಿಗೆಲ್ಲ ತನ್ನನ್ನೇ ಹಂಚಿಕೊಂಡಿರುತ್ತದೆ. ಒಳಗೆ ಬಂದ ಮೇಲೆ ಮೊದಲು ಕೇಳುವುದು ಎಸ್ಸೆಮ್ಮೆಸ್ ಓದುವ ಅನುಮತಿ. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ ನಿಮಗೆ ಕಾಣುವ ಮೊದಲೇ ಬೇರೊಬ್ಬರಿಗೆ ಕಂಡಿರುತ್ತದೆ. ಕೆಲವು ತಮ್ಮ ಐಕಾನನ್ನೇ ಅಡಗಿಸಿಕೊಳ್ಳುತ್ತವೆ. ಇನ್ನು ಕೆಲವಕ್ಕೆ ಅಕ್ಸೆಸಿಬಿಲಿಟಿ ಎಂಬ ಅನುಮತಿ ಬೇಕು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವುದಕ್ಕಾಗಿ, ಅವರ ಪರವಾಗಿ ಒತ್ತುವುದಕ್ಕಾಗಿ ಮಾಡಿದ ಸೌಲಭ್ಯ ಅದು. ಅದನ್ನೇ ಕೊಟ್ಟುಬಿಟ್ಟರೆ ಕಳ್ಳನಿಗೆ ನಿಮ್ಮ ಬೆರಳೂ ಸಿಕ್ಕಿತು.

ವೇಷ ಮದುವೆಯದ್ದೊಂದೇ ಅಲ್ಲ. ಪಿಎಂ ಕಿಸಾನ್ ಹೆಸರಿನಲ್ಲಿ ಬರುತ್ತದೆ; ವರ್ಷದ 6,000 ರೂಪಾಯಿಗೆ ಕಾಯುವವರು ಅಮಾಸೆಬೈಲು, ಸಿದ್ದಾಪುರದ ಕಡೆ ಮನೆಮನೆಯಲ್ಲಿದ್ದಾರೆ. ಟ್ರಾಫಿಕ್ ದಂಡದ ಹೆಸರಿನಲ್ಲೂ ಬರುತ್ತದೆ. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ 2024ರ ಜುಲೈಯಲ್ಲಿ ಹೊರಗೆ ಹಾಕಿದ ವರದಿ ಇಂಥದೇ ಒಂದು ಪರಿವಾಹನ್ ವೇಷದ ಆ್ಯಪಿನ ಕುರಿತು. 4,400ಕ್ಕೂ ಹೆಚ್ಚು ಫೋನುಗಳು ಅದಕ್ಕೆ ಬಲಿಯಾಗಿದ್ದವು, ಒಬ್ಬನೇ ಆಸಾಮಿ 16 ಲಕ್ಷ ರೂಪಾಯಿಗೂ ಮೀರಿ ಎತ್ತಿದ್ದ. ಸಂದೇಶಗಳು ಪರಿವಾಹನ್ ಸೇವೆಯ ಹೆಸರಿನಲ್ಲೂ ಕರ್ನಾಟಕ ಪೊಲೀಸರ ಹೆಸರಿನಲ್ಲೂ ಬಂದಿದ್ದವು. ಸಾಸ್ತಾನದಿಂದ ಶಿರೂರಿನವರೆಗೆ ಹೆದ್ದಾರಿ 66ರಲ್ಲಿ ಓಡಾಡುವ ಕೆಎ 20ರ ಗಾಡಿಯವರಿಗೆ ಚಲನ್ ಎಂದ ಕೂಡಲೇ ಒಂದು ಅಳುಕು ಇದ್ದೇ ಇರುತ್ತದೆ. ಕಳ್ಳ ಆ ಅಳುಕನ್ನು ಓದಿಕೊಂಡವನು. ನಿಜವಾದ ಚಲನ್ ನೋಡಲು ಯಾವ ಆ್ಯಪೂ ಬೇಡ, ಸರ್ಕಾರದ ಪರಿವಾಹನ್ ಜಾಲತಾಣದಲ್ಲೇ ನೋಡಬಹುದು.

ಗೂಗಲ್ ಕೈಕಟ್ಟಿ ಕೂತಿಲ್ಲ ಎಂದೂ ಹೇಳಬೇಕು. 2022ರ ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಬಂದ ಆ್ಯಪಿಗೆ ಅಕ್ಸೆಸಿಬಿಲಿಟಿ ಸುಲಭವಾಗಿ ಸಿಗುವುದಿಲ್ಲ. (ಮರುವರ್ಷವೇ ಕಳ್ಳರು ಅದಕ್ಕೆ ಒಳದಾರಿ ಹುಡುಕಿದರು, ಸ್ಟೋರುಗಳು ಬಳಸುವ ವಿಧಾನದಲ್ಲೇ ಇನ್‌ಸ್ಟಾಲ್ ಮಾಡಿದರೆ ಆಂಡ್ರಾಯ್ಡ್ ಮೋಸಹೋಗುತ್ತಿತ್ತು.) 2024ರಲ್ಲಿ ಸಿಂಗಪುರದಲ್ಲಿ ಶುರುಮಾಡಿದ ಪ್ಲೇ ಪ್ರೊಟೆಕ್ಟ್ ಪ್ರಯೋಗವನ್ನು ಅದೇ ಅಕ್ಟೋಬರಿನಲ್ಲಿ ಭಾರತಕ್ಕೂ ತರುವುದಾಗಿ ಘೋಷಿಸಿದರು. ಬ್ರೌಸರ್, ಮೆಸೇಜಿಂಗ್ ಆ್ಯಪ್, ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಎಸ್ಸೆಮ್ಮೆಸ್, ನೋಟಿಫಿಕೇಶನ್ ಅಥವಾ ಅಕ್ಸೆಸಿಬಿಲಿಟಿ ಕೇಳುವಂಥದ್ದಾದರೆ ಇನ್‌ಸ್ಟಾಲನ್ನೇ ತಡೆಯುವುದು ಅದರ ಕೆಲಸ. ನನ್ನ ದೃಷ್ಟಿಯಲ್ಲಿ ಇಷ್ಟು ವರ್ಷಗಳಲ್ಲಿ ಬಂದ ಅತ್ಯಂತ ತೂಕದ ಸುಧಾರಣೆ ಇದು. ಎಲ್ಲಿಂದ ಬಂತು ಎಂದು ಕೇಳಿ ನಿಲ್ಲದೆ ಏನು ಬೇಡುತ್ತಿದೆ ಎಂದೂ ನೋಡುತ್ತದೆ. ಫೋನಿನಲ್ಲಿ ಮಾತಾಡುತ್ತಲೇ "ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಸಾರ್" ಎನ್ನುವ ಮಹಾನುಭಾವರಿಗಾಗಿ 2025ರಲ್ಲಿ ಇನ್ನೊಂದು ತಡೆಯನ್ನೂ ಘೋಷಿಸಿದರು. ಗುರುತಿಲ್ಲದ ನಂಬರಿನ ಕರೆ ನಡೆಯುತ್ತಿರುವಾಗ ಅದನ್ನು ಆಫ್ ಮಾಡಲು ಬಿಡುವುದಿಲ್ಲ.

ಹಾಗಾದರೆ ಹೊರಗಿನಿಂದ ತರಲು ಯೋಗ್ಯವಾದದ್ದು ಏನಾದರೂ ಇದೆಯೇ? ಇದೆ, ಮತ್ತು ಅದಕ್ಕೂ ನಮ್ಮೂರಿಗೂ ಸಂಬಂಧವಿದೆ. ರಾತ್ರಿ ಮಲಗಿಕೊಂಡು ಯೂಟ್ಯೂಬಿನಲ್ಲಿ ಯಕ್ಷಗಾನದ ಆಟವೋ ತಾಳಮದ್ದಳೆಯೋ ಕೇಳುವವರು ಮಂದಾರ್ತಿಯಿಂದ ಮಾರಣಕಟ್ಟೆಯವರೆಗೆ ಎಷ್ಟು ಜನರಿಲ್ಲ! ಪರದೆ ಆರಿಸಿದರೆ ಭಾಗವತರ ದನಿಯೂ ನಿಲ್ಲುತ್ತದೆ. ನ್ಯೂಪೈಪ್ ಎಂಬ ಆ್ಯಪಿನಲ್ಲಿ ನಿಲ್ಲುವುದಿಲ್ಲ. ಅದು ಪ್ಲೇ ಸ್ಟೋರಿನಲ್ಲಿಲ್ಲ, ಯೂಟ್ಯೂಬಿನ ನಿಯಮಕ್ಕೆ ಒಗ್ಗದ ಆ್ಯಪ್. ಜಾಹೀರಾತು ತಪ್ಪುವುದರಿಂದ ಚಾನೆಲಿನವರಿಗೆ ಬರುವ ಕಾಸೂ ತಪ್ಪುತ್ತದೆ ಎಂಬ ಅಳುಕನ್ನು ಇಟ್ಟುಕೊಂಡೇ, ಪರೀಕ್ಷೆಗೆಂದು ಹಳೆಯ ಫೋನೊಂದರಲ್ಲಿ ಅದನ್ನು ಹಾಕಿ ನೋಡಿದೆ.

ದಾರಿ ಎಫ್-ಡ್ರಾಯ್ಡ್. 2010ರಲ್ಲಿ ಶುರುವಾದ ಈ ಅಂಗಡಿಯಲ್ಲಿ ಮೂಲಸಂಕೇತ ಎಲ್ಲರಿಗೂ ತೆರೆದಿರುವ ಆ್ಯಪ್‌ಗಳಿಗೆ ಮಾತ್ರ ಜಾಗ. ಬರೆದವರು ಕಳುಹಿಸಿದ ಸಿದ್ಧ ಕಡತವನ್ನು ಹಾಗೇ ಹಂಚದೆ, ಮೂಲಸಂಕೇತದಿಂದ ತಾವೇ ಕಟ್ಟುತ್ತಾರೆ. ಯಾವುದರಲ್ಲಿ ಜಾಹೀರಾತು, ಯಾವುದರಲ್ಲಿ ಹಿಂಬಾಲಿಸುವ ಗುಣ ಎಂದು ಚೀಟಿ ಅಂಟಿಸುತ್ತಾರೆ. ರಂಗಸ್ಥಳದ ಎದುರು ಕೂತು ವೇಷ ನೋಡುವುದು ಪ್ಲೇ ಸ್ಟೋರ್ ಆದರೆ, ಇಲ್ಲಿ ಬೇಕಾದವರು ಚೌಕಿಗೇ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದು. ಎಫ್-ಡ್ರಾಯ್ಡನ್ನೇ ಮೊದಲು ಹೊರಗಿನಿಂದ ಹಾಕಿಕೊಳ್ಳಬೇಕು ಎಂಬುದು ತಮಾಷೆ. ಅದರ ಸ್ವಂತ ಜಾಲತಾಣದಿಂದಲೇ ಇಳಿಸಿದೆ, ಬ್ರೌಸರಿಗೆ ಅನುಮತಿ ಕೊಟ್ಟೆ, ಹಾಕಿಕೊಂಡೆ, ಸೆಟ್ಟಿಂಗ್ಸಿಗೆ ಮರಳಿ ಬ್ರೌಸರಿನ ಅನುಮತಿ ಕಿತ್ತೆ. ಈ ಕೊನೆಯ ಹೆಜ್ಜೆಯನ್ನು ಯಾರೂ ಹಾಕುವುದಿಲ್ಲ, ಹಾಕಿ ಎಂದು ಫೋನೂ ನೆನಪಿಸುವುದಿಲ್ಲ.

ನ್ಯೂಪೈಪ್ ಎಫ್-ಡ್ರಾಯ್ಡಿನಿಂದ ಬಂತು. ಬೇಕೆಂದೇ, ಅದನ್ನು ಬರೆದವರು ಗಿಟ್‌ಹಬ್ಬಿನಲ್ಲಿ ಇಟ್ಟ ಕಡತವನ್ನು ತಂದು ಮೇಲಿನಿಂದ ಹಾಕಲು ನೋಡಿದೆ. ಆಂಡ್ರಾಯ್ಡ್ ಒಪ್ಪಲಿಲ್ಲ. ಎರಡೂ ಸಾಚಾ ಆ್ಯಪ್‌ಗಳೇ, ಆದರೆ ಸಹಿ ಬೇರೆ. ಪ್ರತಿ ಎಪಿಕೆಯೂ ಒಂದು ಗುಟ್ಟಿನ ಕೀಲಿಯಿಂದ ಸಹಿ ಮಾಡಿಸಿಕೊಂಡು ಬರುತ್ತದೆ, ಮೊದಲು ಹಾಕಿದ್ದರ ಸಹಿಗೂ ಆಮೇಲೆ ಬಂದದ್ದರ ಸಹಿಗೂ ತಾಳೆಯಾಗದಿದ್ದರೆ ಫೋನ್ ಬಾಗಿಲು ತೆಗೆಯುವುದಿಲ್ಲ. ಬ್ಯಾಂಕಿನ ಅಸಲಿ ಆ್ಯಪ್ ಇರುವ ಫೋನಿನಲ್ಲಿ ಅದರ ಮೇಲೆ ನಕಲಿಯನ್ನು ಕೂರಿಸಲಾಗದು ಎಂಬ ಭರವಸೆ ಇದರಿಂದಲೇ. ಆದರೆ ಮೊದಲ ಸಲ ಹಾಕುವಾಗ ತಾಳೆ ನೋಡಲು ಫೋನಿನ ಹತ್ತಿರ ಏನೂ ಇರುವುದಿಲ್ಲ. ಸಿಗ್ನಲ್ ಆ್ಯಪಿನವರು ಅದಕ್ಕೇ ತಮ್ಮ ಎಪಿಕೆಯ ಪಕ್ಕದಲ್ಲಿ ಸಹಿಯ ಗುರುತನ್ನು ಪ್ರಕಟಿಸುತ್ತಾರೆ, 64 ಅಂಕಿ-ಅಕ್ಷರಗಳ ಸರಮಾಲೆ. ನಾನು ಒಮ್ಮೆ ಹೋಲಿಸಲು ಕೂತೆ. ಅರ್ಧ ದಾಟುವಷ್ಟರಲ್ಲಿ ಕಣ್ಣು ಜಾರಿತು. ಜನಸಾಮಾನ್ಯರ ಸುರಕ್ಷತೆಯನ್ನು ಇದರ ಮೇಲೆ ನಿಲ್ಲಿಸುವ ತಜ್ಞರಿಗೆ ದೊಡ್ಡ ನಮಸ್ಕಾರ. ನಮಗೆ ಉಳಿಯುವುದು ಸರಳವಾದ ಒಂದೇ ದಾರಿ: ಮಾಡಿದವರ ಜಾಲತಾಣದ ವಿಳಾಸವನ್ನು ನಾವೇ ಟೈಪ್ ಮಾಡಿ ಹೋಗುವುದು. ಯಾರಾದರೂ ಕಳುಹಿಸಿದ ಕಡತ, ಕಳುಹಿಸಿದವರು ದೇವರೇ ಆದರೂ, ಬೇಡ. ಗೆಳೆಯರು ಹೊಗಳುವ, ವಾಟ್ಸಾಪನ್ನು ಹೊರಗಿನವರು ತಿದ್ದಿ ಮಾಡಿದ ಜಿಬಿ ವಾಟ್ಸಾಪ್ ಈ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಬೀಳುತ್ತದೆ. ಮಾಡಿದವರು ಯಾರೆಂದೇ ತಿಳಿಯದ ಆ್ಯಪಿಗೆ ಮನೆಯ ಮಾತೆಲ್ಲ ಒಪ್ಪಿಸಿದಂತೆ, ಮೇಲೆ ವಾಟ್ಸಾಪಿನವರು ಖಾತೆ ಮುಚ್ಚುವ ಭಯ ಬೇರೆ.

ಸ್ಟೋರಿನ ಒಳಗೇ ಇದ್ದುಬಿಟ್ಟರೆ ಸುಖ ಎನ್ನುವವರಿಗೆ ಒಂದು ಲೆಕ್ಕ. 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟಿನವರೆಗೆ ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ತೆಗೆದುಹಾಕಿದ ಸಾಲದ ಆ್ಯಪ್‌ಗಳು 2,200ಕ್ಕೂ ಹೆಚ್ಚು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ತೆಗೆಯುವ ಮೊದಲು ಅವೆಲ್ಲ ಒಳಗೇ ಇದ್ದವು. ಫೋನಿನ ನಂಬರುಗಳನ್ನೂ ಫೋಟೊಗಳನ್ನೂ ಹಿಡಿದು ಮಾನ ಕಳೆದ ಇಂಥ ಆ್ಯಪ್‌ಗಳಿಗೆ ಯಾರೂ ಅಪರಿಚಿತ ಮೂಲದ ಸ್ವಿಚ್ ಹಾಕಬೇಕಾಗಿರಲಿಲ್ಲ. ಹೊರಗಿನ ಮೂಲಗಳಲ್ಲಿ ಪ್ಲೇ ಸ್ಟೋರಿಗಿಂತ 50 ಪಟ್ಟಿಗೂ ಹೆಚ್ಚು ಕೆಟ್ಟ ತಂತ್ರಾಂಶ ಸಿಕ್ಕಿದೆ ಎಂಬುದು ಗೂಗಲ್‌ನದೇ ಮಾತು. ಅಲ್ಲಗಳೆಯಲು ನನಗೆ ಕಾರಣವಿಲ್ಲ. ಅಳತೆ ಮಾಡಿದವರೂ ಅಂಗಡಿ ಇಟ್ಟವರೂ ಒಬ್ಬರೇ ಎಂಬುದನ್ನು ಮಾತ್ರ ಮರೆಯಲಾರೆ.

ಆ ಮಾತು ಬಂದದ್ದು 2025ರ ಆಗಸ್ಟಿನಲ್ಲಿ, ಹೊಸ ನಿಯಮವೊಂದರ ಘೋಷಣೆಯ ಜೊತೆಗೆ. ಆ್ಯಪ್ ಮಾಡುವವರೆಲ್ಲ, ಸ್ಟೋರಿನ ಹೊರಗೆ ಹಂಚುವವರೂ, ಗೂಗಲ್‌ಗೆ ತಮ್ಮ ಗುರುತು ತೋರಿಸಬೇಕು. 2026ರ ಸೆಪ್ಟೆಂಬರಿಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್, 2027ರಿಂದ ಉಳಿದ ಜಗತ್ತು ಎಂಬುದು ಆ ಘೋಷಣೆ. ಇದು ನಮ್ಮನ್ನು ಮುಗಿಸುತ್ತದೆ ಎಂದು ಎಫ್-ಡ್ರಾಯ್ಡಿನವರು ಕೂಗಿದರು. ನವೆಂಬರಿನಲ್ಲಿ ಗೂಗಲ್ ಸ್ವಲ್ಪ ಮೆತ್ತಗಾಗಿ, ಅಪಾಯ ತಿಳಿದು ಹಾಕಿಕೊಳ್ಳುವ ಅನುಭವಿಗಳಿಗೆ ಬೇರೆ ದಾರಿ ಇಡುವುದಾಗಿ ಹೇಳಿತು. ಕಡತ ಬರೆದವರು ಯಾರು ಎಂಬ, ನಾನು ಮೇಲೆ ಎತ್ತಿದ ಪ್ರಶ್ನೆಗೆ ಈ ನಿಯಮ ಕೊನೆಗೂ ಕೈಹಾಕಿದೆ ಎಂಬುದು ನಿಜ. ಆದರೆ ಬಾಡಿಗೆಗೆ ಬ್ಯಾಂಕ್ ಖಾತೆ, ಬಾಡಿಗೆಗೆ ಸಿಮ್ ಸಿಗುವ ದೇಶದಲ್ಲಿ ಬಾಡಿಗೆಗೆ ಗುರುತಿನ ಚೀಟಿ ಸಿಗುವುದು ಕಷ್ಟವೇ? ಸಿಕ್ಕಿಬೀಳುವವನು ಚೀಟಿ ಕೊಟ್ಟ ಬಡವ. ಊರಿನ ಮೇಳದ ತಿರುಗಾಟದ ಪಟ್ಟಿಗೊಂದು ಆ್ಯಪ್ ಮಾಡಿ ನೂರು ಜನರಿಗೆ ಹಂಚುವ ಕಾಲೇಜು ಹುಡುಗನೂ ಕ್ಯಾಲಿಫೋರ್ನಿಯಾದ ಕಂಪನಿಗೆ ವರದಿ ಒಪ್ಪಿಸಬೇಕು ಎಂಬುದು ನನಗೆ ಒಪ್ಪಿತವಲ್ಲ.

ಒತ್ತಿಯೇಬಿಟ್ಟರೆ ಏನು ಎಂಬುದನ್ನು ಚುರುಕಾಗಿ ಹೇಳಿಬಿಡುತ್ತೇನೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಕರೆ ಮಾಡಿ. ಆಮೇಲೆ ಸೈಬರ್ ಅಪರಾಧ ನೋಡುವ ಉಡುಪಿಯ ಸೆನ್ ಠಾಣೆ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಕೆಡುವುದೇ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಗ್ರಾಹಕರ ತಪ್ಪಿಲ್ಲದೆ ಹೋದ ಹಣಕ್ಕೆ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಹೊಣೆ ಗ್ರಾಹಕರದ್ದಲ್ಲ. ಗ್ರಾಹಕರದ್ದೇ ಅಜಾಗ್ರತೆ ಎಂದಾದರೆ ದೂರು ಕೊಡುವವರೆಗಿನ ನಷ್ಟ ಅವರದ್ದೇ. ಎಪಿಕೆ ಒತ್ತಿದ್ದು ಯಾವ ಕಡೆಗೆ ಬೀಳುತ್ತದೆ ಎಂದು ಬ್ಯಾಂಕಿನವರು ವಾದಿಸುವುದನ್ನು ಊಹಿಸಿಕೊಳ್ಳಬಹುದು. ಬೇಕಾದ ಫೋಟೊ ಉಳಿಸಿಕೊಂಡು ಫೋನನ್ನು ಪೂರ್ತಿ ರಿಸೆಟ್ ಮಾಡಿಸಿ, ಕರೆಗಳು ಬೇರೆಡೆಗೆ ತಿರುಗಿವೆಯೇ ಎಂದೂ ನೋಡಿಸಿ.

ಇಷ್ಟೆಲ್ಲ ಬರೆಯುವ ಮೊದಲು ಮನೆಯ ಫೋನುಗಳನ್ನೇ ನೋಡೋಣವೆಂದು ಅಮ್ಮನ ಫೋನ್ ತೆಗೆದುಕೊಂಡೆ. ಲಾಕ್‌ಡೌನಿನ ಕಾಲದಿಂದ ಅದೇ ಫೋನ್. ಸೆಟ್ಟಿಂಗ್ಸಿನಲ್ಲಿ ಅಪರಿಚಿತ ಆ್ಯಪ್ ಹಾಕುವ ಅನುಮತಿಯ ಪಟ್ಟಿ ತೆರೆದರೆ ವಾಟ್ಸಾಪಿನ ಎದುರು ಸ್ವಿಚ್ ಆನ್ ಇತ್ತು. ಐದು ವರ್ಷಕ್ಕೂ ಮೇಲೆ, ಹಗಲೂ ರಾತ್ರಿ, ಹಾಗೇ ಇತ್ತು. "ಇದನ್ನ ಯಾರಮ್ಮ ಒತ್ತಿದ್ದು?" ಎಂದು ಜೋರು ಮಾಡಿದೆ.

"ನೀನೇ ಅಲ್ದಾ ಮಗ," ಎಂದರು ಅಮ್ಮ, ಬಂಗುಡೆ ಕೊಯ್ಯುತ್ತಿದ್ದವರು ತಲೆ ಎತ್ತದೆ. "ಕ್ರಿಕೆಟ್ ಟೀಮ್ ಕಟ್ಟೂಕ್ ಇನ್ನೊಂದ್ ನಂಬರ್ ಬೇಕ್ ಅಂದ್ಹೇಳಿ."