ಬಾಗಿದವರಿಗಷ್ಟೇ ಕಾಣುವ ಕಡಲು

ಈ ವಾರದ ಅಂಕಣವು ಜಪಾನಿನ ಚಹಾತೋಟಗಳ ಕಲ್ಲುದೀಪಗಳಿಗೆ, ಅಂದರೆ ‘ತೋರೊ’ಗಳಿಗೆ, ಮೀಸಲಾಗಬೇಕಿತ್ತು. ಬೌದ್ಧ ವಿಹಾರಗಳಲ್ಲೂ ಶಿಂಟೊ ದೇಗುಲಗಳಲ್ಲೂ ನಿಂತಿದ್ದ ಈ ದೀಪಗಳನ್ನು 16ನೇ ಶತಮಾನದ ಚಹಾಗುರುಗಳು ತಮ್ಮ ತೋಟಗಳಿಗೆ ತಂದದ್ದು ನಸುಕಿನಲ್ಲೋ ಇರುಳಿನಲ್ಲೋ ಬರುವ ಅತಿಥಿಗೆ ದಾರಿ ಕಾಣಲೆಂದು ಎಂಬಲ್ಲಿಂದ ಹೊರಟು, ‘ಓರಿಬೆ’ ಮಾದರಿಯ ದೀಪಗಂಬವನ್ನು ಪೀಠವಿಲ್ಲದೆ ನೇರವಾಗಿ ಮಣ್ಣಿನಲ್ಲಿ ಹೂಳುವ ಪದ್ಧತಿಯವರೆಗೆ ಬರುವ ಉದ್ದೇಶವಿತ್ತು. ಆದರೆ ಅಂಥ ದೀಪದ ಬೆಳಕು ಮೊದಲು ಬೀಳಬೇಕಾದದ್ದು ಅದರ ಬದಿಯ ನೀರಿನ ಕಲ್ಲುಮರಿಗೆಯ ಮೇಲೆ, ಮತ್ತು ಮರಿಗೆಯ ಮಾತೆತ್ತಿದ ಮೇಲೆ ದೀಪಕ್ಕೆ ಮರಳುವುದು ಕಷ್ಟ.

‘ತ್ಸುಕುಬಾಯಿ’ ಎಂದು ಕರೆಯಲಾಗುವ ಈ ಮರಿಗೆಯ ಹೆಸರು ಕುಕ್ಕರಗಾಲಲ್ಲಿ ಕೂರುವುದೆಂಬ ಅರ್ಥದ ಕ್ರಿಯಾಪದದಿಂದ ಬಂದಿದೆ. ಅತಿಥಿಯು ಅದರ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಕುಳಿತು, ಬಿದಿರಿನ ಸೌಟಿನಿಂದ ನೀರು ಮೊಗೆದು, ಕೈತೊಳೆದು ಬಾಯಿ ಮುಕ್ಕಳಿಸಿ ಮುಂದೆ ಸಾಗುತ್ತಾನೆ. ನೀರು ಮುಟ್ಟದೆ ಒಳಗೆ ಕಾಲಿಡಬಾರದೆಂಬುದು ಕನ್ನಡ ಓದುಗರಿಗೆ ಹೊಸತೇನಲ್ಲವಾದರೂ, ಕಲ್ಲನ್ನು ಬೇಕೆಂದೇ ತಗ್ಗಿನಲ್ಲಿಟ್ಟು, ಪ್ರಭುವೇ ಬರಲಿ ವರ್ತಕನೇ ಬರಲಿ, ಎಲ್ಲರ ಬೆನ್ನನ್ನೂ ಬಾಗಿಸುವ ಉಪಾಯ ಗಮನಾರ್ಹವಾದುದು. ಚಹಾಗುರು ಸೆನ್ ನೊ ರಿಕ್ಯೂ (1522–1591) ತನ್ನ ಹುಟ್ಟೂರಾದ ಸಕಾಯಿ ಬಂದರಿನಲ್ಲಿ ತೋಟ ಕಟ್ಟಿದಾಗ, ವಿಶಾಲವಾಗಿ ಕಾಣುತ್ತಿದ್ದ ಕಡಲಿಗೆ ಅಡ್ಡಲಾಗಿ ಗಿಡಗಳನ್ನು ನೆಡಿಸಿದನೆಂದೂ, ಮರಿಗೆಯ ಮುಂದೆ ಬಾಗಿ ಬೊಗಸೆಯಲ್ಲಿ ನೀರು ತುಂಬಿಕೊಂಡವನಿಗೆ ಮಾತ್ರ ಎಲೆಗಳ ಸಂದಿನಿಂದ ಸಮುದ್ರದ ತುಣುಕೊಂದು ಹೊಳೆಯುತ್ತಿತ್ತೆಂದೂ ಪ್ರತೀತಿಯಿದೆ. ಕ್ಯೋಟೊದ ಕತ್ಸುರ ಅರಮನೆಯ ತೋಟವನ್ನು 17ನೇ ಶತಮಾನದಲ್ಲಿ ರೂಪಿಸಿದವರಿಗೂ ಈ ಮರೆಯ ಮಹಿಮೆ ತಿಳಿದಿತ್ತು. ಅಲ್ಲಿ ಕೊಳದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ ಒಂದೇ ಒಂದು ಪೈನ್ ಮರವನ್ನು ತೆರೆಯಂತೆ ನಿಲ್ಲಿಸಿ ನೀರಿನ ನೋಟವನ್ನು ತಡೆಯಲಾಗಿದೆ.

ಇಲ್ಲಿಗೆ, ಈ ಅಂಕಣದ ಹಳೆಯ ಓದುಗರು ನಿರೀಕ್ಷಿಸಿರಬಹುದಾದಂತೆ, ಹಾರುಗಲ್ಲುಗಳ ವ್ಯಾಜ್ಯ ಬಂದೇ ಬರುತ್ತದೆ. ‘ತೋಬಿ-ಇಶಿ’ ಎಂಬ ಈ ಬಿಡಿಗಲ್ಲುಗಳ ಸಾಲನ್ನು ಹಾಸುವಾಗ ರಿಕ್ಯೂ ಆರು ಪಾಲು ನಡಿಗೆಗೂ ನಾಲ್ಕು ಪಾಲು ನೋಟಕ್ಕೂ ಕೊಟ್ಟರೆ, ಅವನ ಶಿಷ್ಯ ಫುರುತಾ ಓರಿಬೆಯು ನಾಲ್ಕನ್ನು ನಡಿಗೆಗಿಟ್ಟು ಆರನ್ನು ನೋಟಕ್ಕೆ ಕೊಟ್ಟನೆಂದು ಚಹಾ ಪರಂಪರೆ ಹೇಳುತ್ತದೆ. (ಗುರುವಿಗೆ 1591ರಲ್ಲಿ, ಶಿಷ್ಯನಿಗೆ 1615ರಲ್ಲಿ, ಅಂದಂದಿನ ಆಳುವವರಿಂದ ಹೊಟ್ಟೆ ಸೀಳಿಕೊಂಡು ಸಾಯುವ ಆಜ್ಞೆ ಬಂದಿತು, ಆ ವಿಷಯದಲ್ಲಿ ಇಬ್ಬರಿಗೂ ಭೇದವಿರಲಿಲ್ಲ.) ಓರಿಬೆಯ ಅಭಿರುಚಿಯನ್ನು ಹಗುರವಾಗಿ ಕಾಣುವಂತಿಲ್ಲವಾದರೂ, ಅವನು ತೆರೆದ ಬಾಗಿಲಿನಿಂದಲೇ ತೋಟವೆಂದರೆ ಚಿತ್ರಪಟವೆನ್ನುವ ಪಂಥ ಒಳನುಗ್ಗಿತೆಂಬುದನ್ನು ಮರೆಯಲಾಗದು. ಆ ಪಂಥದ ಆಧುನಿಕ ಮುಖ ನೋಡಬೇಕಾದರೆ ಕತ್ಸುರದ ಬಗೆಗಿನ 1960ರ ಪ್ರಸಿದ್ಧ ಗ್ರಂಥವನ್ನು ತೆರೆದರೆ ಸಾಕು: ಇಶಿಮೊಟೊ ಯಾಸುಹಿರೊ ತೆಗೆದ ಕಪ್ಪುಬಿಳುಪು ಛಾಯಾಚಿತ್ರಗಳನ್ನು ವಾಸ್ತುಶಿಲ್ಪಿ ತಾಂಗೆ ಕೆಂಜೊ ಅದಕ್ಕಾಗಿ ಕತ್ತರಿಸಿ ಜೋಡಿಸಿದಾಗ, ಆಧುನಿಕರ ಸರಳರೇಖೆಗೆ ಒಗ್ಗದ ಚಾವಣಿಯ ಬಾಗು ಬಹುಮಟ್ಟಿಗೆ ಚೌಕಟ್ಟಿನಾಚೆಗೆ ಹೋಯಿತು. ಅಂಥ ಚಿತ್ರಗಳಲ್ಲಿ ಹಾರುಗಲ್ಲುಗಳು ರಂಗೋಲಿಯ ಚುಕ್ಕಿಗಳಂತೆ ಕಾಣುತ್ತವೆ. ನಡೆಯುವ ಕಾಲಿಗೆ ಅವು ತಾಳ. ಕಲ್ಲುಗಳು ಚಿಕ್ಕದಾಗಿ ಅಂಕುಡೊಂಕಾಗಿ ಬಂದೆಡೆ ನಡೆಯುವವನ ಕಣ್ಣು ಪಾದವನ್ನು ಬಿಟ್ಟು ಅಲುಗದು, ದೊಡ್ಡ ಕಲ್ಲೊಂದು ಸಿಕ್ಕಿ ಎರಡೂ ಕಾಲು ಊರಿ ನಿಂತಾಗಲೇ ತಲೆ ಮೇಲೇಳುತ್ತದೆ, ಮತ್ತು ತೋಟಗಾರನು ತೋರಿಸಬೇಕೆಂದಿದ್ದನ್ನು ಅಲ್ಲಿಯೇ ಕಾದಿಟ್ಟಿರುತ್ತಾನೆ. ಕವಲಿನಲ್ಲಿ ಹಗ್ಗದಿಂದ ಅಡ್ಡಡ್ಡ ಕಟ್ಟಿದ ಪುಟ್ಟ ಗುಂಡುಕಲ್ಲೊಂದು ಕುಳಿತಿದ್ದರೆ ಆ ದಾರಿ ಇಂದಿಗಿಲ್ಲವೆಂದು ಅರ್ಥ.

ಚಹಾಮನೆಗೆ ಒಯ್ಯುವ ಈ ತೋಟದ ಹೆಸರು ‘ರೋಜಿ’. ಮೊದಲು ಓಣಿಯೆಂಬ ಅರ್ಥದ ಅಕ್ಷರಗಳಲ್ಲಿ ಬರೆಯಲಾಗುತ್ತಿದ್ದ ಈ ಪದಕ್ಕೆ ಮುಂದೆ ಇಬ್ಬನಿಯ ನೆಲವೆಂಬ ಅರ್ಥದ ಅಕ್ಷರಗಳು ಬಂದವು. ಇಬ್ಬನಿಗೆ ಬಳಸುವ ಚೀನೀ ಅಕ್ಷರಕ್ಕೆ ಮರೆಯಿಲ್ಲದೆ ತೆರೆದಿರುವುದೆಂಬ ಅರ್ಥವೂ ಉಂಟು, ಮತ್ತು ಆ ಅರ್ಥದ ಬೇರು ಭಾರತಕ್ಕೆ ತಲುಪುತ್ತದೆ. ಸದ್ಧರ್ಮಪುಂಡರೀಕ ಸೂತ್ರದ ಪ್ರಸಿದ್ಧ ದೃಷ್ಟಾಂತದಲ್ಲಿ, ಹೊತ್ತಿ ಉರಿಯುವ ಮನೆಯೊಳಗೆ ಆಟದಲ್ಲಿ ಮೈಮರೆತ ಮಕ್ಕಳನ್ನು ತಂದೆಯು ಆಡು, ಜಿಂಕೆ, ಎತ್ತುಗಳ ಬಂಡಿಗಳ ಆಸೆ ತೋರಿಸಿ ಹೊರಗೆ ಕರೆಯುತ್ತಾನೆ. ಓಡಿಬಂದ ಮಕ್ಕಳು ನಿರ್ಭಯವಾಗಿ ಕೂರುವ ಬಯಲನ್ನು ಕುಮಾರಜೀವನ ಚೀನೀ ಅನುವಾದವು ಇವೇ ಎರಡು ಅಕ್ಷರಗಳಿಂದ ಹೆಸರಿಸುತ್ತದೆ. ಚಹಾತೋಟವೆಂದರೆ ಆ ಬಯಲೇ ಎಂದು ವಿವರಿಸುವ ‘ನಾಂಪೊರೊಕು’ ಗ್ರಂಥವು ರಿಕ್ಯೂವಿನ ಶಿಷ್ಯನ ಟಿಪ್ಪಣಿಯೆಂದು ಹೇಳಿಕೊಂಡರೂ, ಅದು ಸುಮಾರು ನೂರು ವರ್ಷಗಳ ತರುವಾಯ ತಾಚಿಬಾನಾ ಜಿತ್ಸುಜಾನ್ ಎಂಬವನ ಕೈಯಿಂದ ಬೆಳಕಿಗೆ ಬಂದ ಕಾರಣ ವಿದ್ವಾಂಸರು ಅದರ ಪ್ರಾಮಾಣ್ಯವನ್ನು ಸಂದೇಹಿಸುತ್ತಾರೆ. ಗ್ರಂಥ ಕೃತ್ರಿಮವೇ ಆಗಿದ್ದರೂ ಈ ವ್ಯಾಖ್ಯಾನಕ್ಕೆ ಸಾಟಿಯಾದುದು ಅಸಲಿ ಗ್ರಂಥಗಳಲ್ಲಿ ಸಿಗುವುದು ಅಪರೂಪ.

ಇಬ್ಬನಿಯನ್ನಂತೂ ಯಾರೂ ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ. ಅತಿಥಿ ಬರುವ ಮುನ್ನ, ನಡುವಿನ ವಿರಾಮದಲ್ಲಿ, ಮತ್ತೆ ಹೊರಡುವ ಹೊತ್ತಿಗೆ, ಹೀಗೆ ಮೂರು ಸಲ ಆತಿಥೇಯನು ಕಲ್ಲುಗಳಿಗೂ ಗಿಡಗಳಿಗೂ ನೀರು ಚಿಮುಕಿಸುತ್ತಾನೆ. ಬಾಗಿಲಲ್ಲಿ ನೆಲ ಒದ್ದೆಯಾಗಿದ್ದರೆ ಒಳಗೆ ಎಲ್ಲವೂ ಸಿದ್ಧವಾಗಿದೆಯೆಂದು ತಿಳಿದು ಅತಿಥಿಯು ಕೂಗದೆ ಒಳನಡೆಯುತ್ತಾನೆ. ಕಲ್ಲುದೀಪಗಳು ಮುಂದಿನ ವಾರಕ್ಕೆ.